ಮಲಗಿಸಿ ಕಲಿಸಿದ ಉಕೆಮಿ: ನನ್ನ ಅನುಭವ

ನಲವತ್ತು ದಾಟಿದವರಿಗೆ ಉಕೆಮಿ, ಅಂದರೆ ಜೂಡೋದಲ್ಲಿ ಪೆಟ್ಟಾಗದ ಹಾಗೆ ಬೀಳೋದು, ಕಲಿಸೋಕೆ ಹೋಗಬೇಡಿ, ಸುಮ್ನೆ ತಲೆನೋವು ಅಂತ ನನಗೆ ಹೇಳದ ಕೋಚ್ ಇಲ್ಲ. ಈಗ ಮೈಸೂರಿನ ನನ್ನ ಸಂಜೆ ಬ್ಯಾಚಿನಲ್ಲಿ ಹತ್ತು ಹನ್ನೆರಡು ಜನ ಇದ್ದಾರೆ, ಹೆಚ್ಚಿನವರು ನಲವತ್ತೈದರ ಆಚೆಯವರು. ಎಲ್ಲರೂ ನಿಂತಲ್ಲಿಂದ ಹಿಂದಕ್ಕೆ ಬೀಳುತ್ತಾರೆ, ಒಬ್ಬರ ತಲೆಯೂ ಮ್ಯಾಟಿಗೆ ತಾಗುವುದಿಲ್ಲ. ಇಬ್ಬರಂತೂ ಕಾಲು ಹೊಡೆದು ಹಿಂದಕ್ಕೆ ಬೀಳಿಸುವ ಓ ಸೊತೊ ಗಾರಿ ಎಸೆತಕ್ಕೂ ನಗುನಗುತ್ತಾ ಬೀಳುತ್ತಾರೆ. ಅವತ್ತು 'ಇದು ಜೂಡೋ ಅಲ್ಲ, ಮಲಗಿಸೋ ಕ್ಲಾಸು' ಎಂದು ಆಡಿಕೊಂಡವರೇ ಈಗ 'ಏನ್ ಮಾಡಿದ್ರಿ ಸಾರ್' ಅಂತ ಫೋನ್ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಬಿಡುತ್ತಿದ್ದೇನೆ.

ಬೀಳುವಾಗ ಮ್ಯಾಟಿಗೆ ಕೈ ಎಲ್ಲಿ ಬಡಿಯಬೇಕು, ಗದ್ದ ಎಲ್ಲಿರಬೇಕು ಎಂಬುದೆಲ್ಲ ನಿಮಗೆ ಗೊತ್ತಿದ್ದದ್ದೇ. ಅದನ್ನು ಬಿಡುತ್ತೇನೆ.

ಮೊದಲು ನಾನೂ ಎಲ್ಲರಂತೆ ಮಕ್ಕಳಿಗೆ ಹೇಳಿಕೊಡುವ ಹಾಗೇ ಹೇಳಿಕೊಟ್ಟೆ. ಕುಕ್ಕರುಗಾಲಲ್ಲಿ ಕೂರು, ಹಿಂದಕ್ಕೆ ಉರುಳು, ಬಡಿ. ನೂರು ಸಲ. ಮಕ್ಕಳು ಕೆಲವೇ ವಾರದಲ್ಲಿ ಹಿಡಿದುಬಿಡುತ್ತಾರೆ. ದೊಡ್ಡವರು ನೂರು ಸಲ ಬಿದ್ದರೆ ನೂರು ಸಲ ಹೆದರುವುದನ್ನೇ ಅಭ್ಯಾಸ ಮಾಡುತ್ತಾರೆ. ಉಸಿರು ಕಟ್ಟುತ್ತಾರೆ, ಭುಜ ಕಿವಿಗೆ ಏರುತ್ತದೆ, ಕೊನೇ ಗಳಿಗೆಯಲ್ಲಿ ಕೈ ಹಿಂದಕ್ಕೆ ಹೋಗುತ್ತದೆ. ಒಬ್ಬರ ಮಣಿಕಟ್ಟು ಹಾಗೇ ಬಿರುಕು ಬಿಟ್ಟಿತು. ಬ್ಯಾಚ್ ಅರ್ಧ ಖಾಲಿಯಾಯಿತು.

ಮ್ಯಾಟ್ ದಪ್ಪ ಇದ್ದರೆ ಹೆದರಿಕೆ ಹೋಗುತ್ತೆ ಅಂತ ಯಾರೋ ಹೇಳಿದರು. ಹದಿನಾಲ್ಕು ಸಾವಿರದ ಹತ್ತಿರ ಕೊಟ್ಟು ಒಂದು ಕ್ರ್ಯಾಶ್ ಮ್ಯಾಟ್ ತರಿಸಿದೆ. ಅದರ ಮೇಲೆ ಎಲ್ಲರೂ ಧೈರ್ಯವಾಗಿ ಧೊಪ್ಪನೆ ಬಿದ್ದರು. ಮಾಮೂಲಿ ಮ್ಯಾಟಿಗೆ ಬಂದ ಕೂಡಲೇ ಮತ್ತೆ ಅದೇ ಕಥೆ. ಮೆತ್ತನೆ ಮ್ಯಾಟು ಬೀಳೋದನ್ನ ಕಲಿಸೋದಿಲ್ಲ, ಬಿದ್ದದ್ದನ್ನ ಮುಚ್ಚಿಡುತ್ತದೆ ಅಷ್ಟೆ. ಕೊನೆಗೆ ಜಿಮ್ನಾಸ್ಟಿಕ್ಸ್ ಕಲಿಸುವವರೊಬ್ಬರಿಗೆ ಅರ್ಧ ಬೆಲೆಗೆ ಕೊಟ್ಟೆ. ಹಾಲ್ ಬಾಡಿಗೆ ತಿಂಗಳಿಗೆ ಒಂಬತ್ತು ಸಾವಿರ, ಫೀಸು ಒಬ್ಬರಿಗೆ ಸಾವಿರದಿನ್ನೂರು. ಐದು ಜನ ಉಳಿದಾಗ ಲೆಕ್ಕ ನೀವೇ ಹಾಕಿಕೊಳ್ಳಿ. ಮನೆಯಲ್ಲಿ ಏನು ಹೇಳಿದರು ಅಂತ ಬರೆಯೋದು ಬೇಡ.

ಆಗ ನೆನಪಾದದ್ದು ಮೋಶೆ ಫೆಲ್ಡನ್‌ಕ್ರೈಸ್. ಈ ಹೆಸರು ಯೋಗ, ಫಿಸಿಯೋಥೆರಪಿ ಕಡೆಯವರಿಗೆ ಗೊತ್ತು. ಜೂಡೋದವರಿಗೇ ಗೊತ್ತಿಲ್ಲ, ಅದು ತಮಾಷೆ. ಯಾಕಂದ್ರೆ ಆತ ಮೊದಲು ನಮ್ಮವನು. ಹುಟ್ಟಿದ್ದು 1904ರಲ್ಲಿ, ಈಗಿನ ಉಕ್ರೇನಿನಲ್ಲಿ. ಪ್ಯಾರಿಸ್ಸಿನಲ್ಲಿ ಓದುತ್ತಿದ್ದಾಗ, 1933ರಲ್ಲಿ, ಅಲ್ಲಿಗೆ ಬಂದಿದ್ದ, ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ ಅವರ ಕಣ್ಣಿಗೆ ಬಿದ್ದ. 1936ರಲ್ಲಿ ಫ್ರಾನ್ಸಿನ ಜುಜುತ್ಸು ಕ್ಲಬ್ ಕಟ್ಟಿದವರಲ್ಲಿ ಒಬ್ಬ. ಫುಟ್ಬಾಲ್ ಆಡುವಾಗ ಮೊಣಕಾಲು ಹಾಳು ಮಾಡಿಕೊಂಡಿದ್ದ. ಆಪರೇಷನ್ ಸರಿಹೋಗುವ ಖಾತ್ರಿ ಇಲ್ಲ ಎಂದು ಡಾಕ್ಟರು ಹೇಳಿದಾಗ ಬೇಡ ಅಂದು, ತಾನು ಹೇಗೆ ನಡೆಯುತ್ತೇನೆ ಅಂತ ತಾನೇ ಗಮನಿಸುತ್ತಾ ಕೂತ. ಮುಂದೆ ಟೆಲ್ ಅವೀವಿನಲ್ಲಿ ಜನರನ್ನು ನೆಲದ ಮೇಲೆ ಮಲಗಿಸಿ ನೂರಾರು ಪಾಠ ಮಾಡಿದ. ಎಪ್ಪತ್ತು ವಯಸ್ಸಿನ ಇಸ್ರೇಲ್ ಪ್ರಧಾನಿ ಬೆನ್‌ಗುರಿಯನ್ ಸಮುದ್ರದ ದಡದಲ್ಲಿ ತಲೆಕೆಳಗಾಗಿ ನಿಂತ ಫೋಟೋ ನೋಡಿದ್ದೀರಲ್ವಾ? ಆ ಶೀರ್ಷಾಸನ ಕಲಿಸಿದ್ದು ಇವನೇ.

ಅವನ ಪಾಠಗಳಲ್ಲಿ ಜೂಡೋ ರೋಲ್ ಬರುತ್ತದೆ. ಆದರೆ ಶುರುವಾಗುವುದು ನೆಲದಿಂದ. ಇಪ್ಪತ್ತು ಕೆಜಿ ಅಕ್ಕಿ ಮೂಟೆ ಹೊತ್ತವನಿಗೆ ಮೂಟೆ ಮೇಲೆ ನೊಣ ಕೂತರೆ ಗೊತ್ತಾಗುತ್ತಾ? ಇಲ್ಲ. ಹಾಗಾಗಿ ಮೊದಲು ಭಾರ ಇಳಿಸು, ಜೋರು ಕಡಿಮೆ ಮಾಡು, ಆಮೇಲೆ ನಿನ್ನ ಮೈ ಏನು ಮಾಡ್ತಿದೆ ಅನ್ನೋದು ತಿಳಿಯುತ್ತದೆ. ನಾನು ತೆಗೆದುಕೊಂಡದ್ದು ಇಷ್ಟೇ. ಸರ್ಟಿಫಿಕೇಟು ಗಿರ್ಟಿಫಿಕೇಟು ನನ್ನ ಹತ್ತಿರ ಇಲ್ಲ.

'ಗದ್ದ ಎದೆಗೆ' ಎಂದು ಕೂಗುವುದನ್ನು ನಿಲ್ಲಿಸಿದೆ. ಕೂಗಿದಷ್ಟೂ ಅವರು ಕತ್ತು ಬಿಗಿ ಹಿಡಿಯುತ್ತಿದ್ದರು. ಅಂಗಾತ ಮಲಗಿಸಿ, ಮಂಡಿ ಮಡಿಸಿ, ಬರೀ ಕಣ್ಣಿನಿಂದ ಹೊಟ್ಟೆ ಕಡೆ ನೋಡಿ ಎಂದೆ. ತಲೆ ಎತ್ತಬೇಡಿ. ಹೀಗೆ ನಿಧಾನವಾಗಿ ಹತ್ತು ಸಲ. ಆಮೇಲೆ ಎರಡೂ ಅಂಗೈ ತಲೆ ಹಿಂದೆ ಇಟ್ಟು, ಉಸಿರು ಬಿಡುತ್ತಾ ತಲೆಯನ್ನು ಕೈಯೇ ಎತ್ತಲಿ, ಕತ್ತು ಸುಮ್ಮನಿರಲಿ. ಆಮೇಲೆ ಕೈ ತೆಗೆದು ಬರೀ ಕಣ್ಣು, ಉಸಿರು. ಅರ್ಧ ಗಂಟೆಯಲ್ಲಿ ತಲೆ ತಾನಾಗೇ ಹಗುರವಾಗಿ ಮೇಲೆ ಬರುತ್ತದೆ.

ಬ್ಯಾಂಕಿನಿಂದ ರಿಟೈರ್ ಆದವರೊಬ್ಬರು ಇದ್ದಾರೆ. ಮಲಗಿದಾಗ ಎಲ್ಲ ಸರಿ, ಕುಕ್ಕರುಗಾಲಿನಿಂದ ಹಿಂದಕ್ಕೆ ಹೊರಟರೆ ತಲೆ ಟಕ್ ಅಂತ ಬಡಿಯುತ್ತಿತ್ತು. ಪಕ್ಕದಲ್ಲಿ ಕೂತು ನೋಡಿದೆ. ಕುಂಡೆ ನೆಲಕ್ಕೆ ನಾಲ್ಕು ಬೆರಳು ದೂರ ಇರುವಾಗ ಉಸಿರು ನಿಲ್ಲುತ್ತಿತ್ತು, ದವಡೆ ಬಿಗಿಯುತ್ತಿತ್ತು. 'ಸಾರ್, ಬಾಯಿ ಮುಚ್ಚಿ ಮ್‌ಮ್‌ಮ್ ಅಂತ ಗುನುಗುತ್ತಾ ಬನ್ನಿ' ಎಂದೆ. ಸದ್ದು ಎಲ್ಲಿ ಕಟ್ಟಾಗುತ್ತೋ ಅಲ್ಲೇ ನಿಲ್ಲಬೇಕು, ವಾಪಸ್ ಹೋಗಬೇಕು, ಅದರ ಹಿಂದಿನ ಒಂದು ಇಂಚಿನಲ್ಲೇ ಹೋಗಿ ಬಂದು ಮಾಡಬೇಕು. ಎರಡನೇ ವಾರ ಸದ್ದು ಕಟ್ಟಾಗದೆ ಬೆನ್ನು ಪೂರ್ತಿ ಉರುಳಿತು. ಅವರೇ ಎದ್ದು ಕೂತು 'ಇನ್ನೊಂದು ಸಲ ನೋಡಿ' ಅಂದರು. ಈಗ ಇಡೀ ಬ್ಯಾಚು ಗುನುಗುತ್ತದೆ. ಹೊರಗಿನಿಂದ ಕೇಳಿದವರಿಗೆ ಭಜನೆ ಮಂಡಳಿ ಅನ್ನಿಸಬಹುದು.

ಕೈ ಬಡಿಯುವುದು ಎಲ್ಲಕ್ಕಿಂತ ಕೊನೆಗೆ. ಮೊದಲೇ ಬಡಿಸಿದರೆ ಭುಜ ಬಿಗಿಯುತ್ತದೆ. ಯಾವ ಪಕ್ಕದಿಂದ ಶುರು ಮಾಡಬೇಕು, ಪಾದಕ್ಕೆ ಏನು ಹೇಳಬೇಕು ಎಂಬ ಎರಡು ವಿಷಯ ಇಲ್ಲಿ ಬರೆಯುವುದಿಲ್ಲ. ಬಂದವರಿಗೆ ಮ್ಯಾಟಿನ ಮೇಲೆ ತೋರಿಸುತ್ತೇನೆ. ಕತ್ತಿನ ತೊಂದರೆ, ತಲೆಸುತ್ತು, ಮೂಳೆ ಸವೆತ ಇರುವವರನ್ನು ಡಾಕ್ಟರ ಚೀಟಿ ಇಲ್ಲದೆ ಸೇರಿಸಿಕೊಳ್ಳಬೇಡಿ.

ಇದು ಜೂಡೋ ಅಲ್ಲ ಎನ್ನುವವರಿಗೆ ಒಂದು ಮಾತು. ಜೂ ನೋ ಕತಾ ಎಂಬ ಜೋಡಿ ಅಭ್ಯಾಸ ಕಟ್ಟಿದ್ದು ಕಾನೊ ಅವರೇ ಅಲ್ವಾ? ಹದಿನೈದು ತಂತ್ರ, ಎಲ್ಲವೂ ನಿಧಾನ, ಯಾರನ್ನೂ ಎಸೆಯುವುದಿಲ್ಲ, ಜೂಡೋದ ಉಡುಪು ಜೂಡೋಗಿ ಕೂಡ ಬೇಕಿಲ್ಲ. ಬ್ಲ್ಯಾಕ್ ಬೆಲ್ಟಿನ ಡಾನ್ ಪರೀಕ್ಷೆ ಹತ್ತಿರ ಬಂದಾಗ ಬಾಯಿಪಾಠ ಮಾಡಿ ಮರೆಯುವ ನಾವು ಅದನ್ನು ಯಾಕೆ ನಿಧಾನ ಇಟ್ಟರು ಅಂತ ಕೇಳಿಕೊಂಡೇ ಇಲ್ಲ.

ನಡುವೆ ಬೇರೆ ಕೆಲವನ್ನೂ ಮಾಡಿ ನೋಡಿದೆ. ಏಳುನೂರು ರೂಪಾಯಿ ಚಿಲ್ಲರೆಯ ಎರಡು ತೂಕದ ಯಂತ್ರ ತಂದು, ಒಂದೊಂದರ ಮೇಲೆ ಒಂದೊಂದು ಕಾಲು ಇಟ್ಟು ನಿಲ್ಲಿಸಿದೆ. 'ಸಮ ನಿಂತಿದ್ದೀನಿ ಸಾರ್' ಎಂದವರ ಎಡಗಾಲಲ್ಲಿ ಮೂವತ್ತಮೂರು, ಬಲಗಾಲಲ್ಲಿ ನಲವತ್ತೊಂದು. ಅಂಥವರನ್ನು ಕುಜುಶಿ ಮಾಡಲು, ಅಂದರೆ ಸಮತೋಲ ತಪ್ಪಿಸಲು, ಎಳೆಯಬೇಕಾಗಿಯೇ ಇಲ್ಲ, ಅವರೇ ಅರ್ಧ ವಾಲಿರುತ್ತಾರೆ. ಇದನ್ನು ಬ್ಲ್ಯಾಕ್ ಬೆಲ್ಟಿನ ಹುಡುಗರ ಮೇಲೂ ಮಾಡಿದೆ. ಫಲಿತಾಂಶ ಅವರಿಗೆ ಇಷ್ಟ ಆಗಲಿಲ್ಲ. ಐಕಿಡೋದವರ ಶಿಕ್ಕೊ, ಅಂದರೆ ಮಂಡಿಯಲ್ಲಿ ನಡೆಯುವುದು, ನಮ್ಮ ಬ್ಯಾಚಿಗೆ ಆಗಿಬರಲಿಲ್ಲ. ಮೂರು ಜನರ ಮಂಡಿ ಊದಿತು, ಅಲ್ಲಿಗೇ ಕೈಬಿಟ್ಟೆ. ಪರಿಚಯದ ಗರಡಿ ಮನೆಯ ಉಸ್ತಾದರ ಅನುಮತಿ ಕೇಳಿ ಮಟ್ಟಿಯಲ್ಲೂ ಒಂದು ಬೆಳಿಗ್ಗೆ ಉರುಳಿದೆವು. ಅಗೆದು ಹದ ಮಾಡಿದ ಕೆಮ್ಮಣ್ಣಿನಲ್ಲಿ ಬೆನ್ನಿನ ಅಚ್ಚು ಮೂಡುತ್ತದೆ. ಯಾರ ಬೆನ್ನು ಎಲ್ಲಿ ತಾಗಿಲ್ಲ ಅಂತ ಅವರೇ ಬಗ್ಗಿ ನೋಡಿದರು. ನನ್ನ ಒಂದು ತಿಂಗಳ ಮಾತಿಗಿಂತ ಅದು ಜಾಸ್ತಿ ಕೆಲಸ ಮಾಡಿತು. ಉಸ್ತಾದರು ನೋಡುತ್ತಾ ನಿಂತಿದ್ದವರು, 'ನಮ್ಮ ಹುಡುಗ್ರು ಬೀಳೋದೇ ಇಲ್ಲ, ಬೀಳಿಸ್ತಾರೆ' ಎಂದು ನಕ್ಕರು.

ಬಾಡಿಗೆ ಈಗ ಫೀಸಿನಲ್ಲೇ ಹುಟ್ಟುತ್ತದೆ, ಮೇಲೆ ಮೂರು ನಾಲ್ಕು ಸಾವಿರ ಉಳಿಯುತ್ತದೆ. ಉಶಿರೊ ಅಂದರೆ ಹಿಂದಕ್ಕೆ ಬೀಳುವುದು, ಯೊಕೊ ಅಂದರೆ ಪಕ್ಕಕ್ಕೆ ಬೀಳುವುದು, ಎರಡೂ ಈ ದಾರಿಯಲ್ಲೇ ಬಂದವು. ಉರುಳುವ ಉಕೆಮಿ ಅರ್ಧ ಜನಕ್ಕೆ ಬಂದಿದೆ, ಅದೂ ಬಲಭುಜದ ಮೇಲೆ ಮಾತ್ರ. ಮಾಏ ಉಕೆಮಿಗೆ ಮಾತ್ರ ಈ ವಿಧಾನ ಹತ್ತಲಿಲ್ಲ. ಮುಂದಕ್ಕೆ ಮುಖ ಕೊಟ್ಟು ಬೀಳಬೇಕು ಅಂದ ಕೂಡಲೇ ಗುನುಗು ನಿಂತುಬಿಡುತ್ತದೆ. ಅದಕ್ಕೆ ಈಗಲೂ ಮಂಡಿಯೂರಿ, ಮುಂಗೈ ಮೇಲೆ, ಹಳೇ ಲೆಕ್ಕದಲ್ಲೇ ಮಾಡಿಸುತ್ತಿದ್ದೇನೆ.