ರಪುಂಜೆಲ್‌ಗೆ ಇಳಕಲ್ ಸೀರೆ ಉಡಿಸೋದು ಹೇಗೆ?

ಕಾರ್ಟೂನ್ ರಾಜಕುಮಾರಿಯರಿಗೆ ನಮ್ಮ ಸೀರೆ ಉಡಿಸಿದ ಚಿತ್ರಗಳು ಮೊಬೈಲ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ನೋಡೋಕೆ ಚೆಂದ. ಆದರೆ ಬಾಗಲಕೋಟೆ ಕಡೆಯವರಿಗೆ ತೋರಿಸಿ ನೋಡಿ. ‘ಇದು ಇಳಕಲ್ ಸೀರಿ ಅಲ್ಲ ಬಿಡ್ರಿ’ ಅಂದುಬಿಡುತ್ತಾರೆ. ಬಣ್ಣ ಸರಿ ಇರುತ್ತದೆ, ಸೆರಗು ತಪ್ಪಿರುತ್ತದೆ. ಇಲ್ಲವೇ ಬಟ್ಟೆ ಗೋಡೆಗೆ ಹಚ್ಚಿದ ವಾಲ್‌ಪೇಪರ್ ಥರ ಮೈಗೆ ಅಂಟಿಕೊಂಡಿರುತ್ತದೆ. ಇವೆರಡನ್ನು ಸರಿಮಾಡಿಕೊಂಡರೆ ಉಳಿದ ಕೆಲಸ ಅಷ್ಟೇನೂ ಕಷ್ಟವಲ್ಲ.

ಕಂಪ್ಯೂಟರ್ ಇದ್ದರೆ ಚಿತ್ರ ಬಿಡಿಸುವ, ತಿದ್ದುವ ಕ್ರಿಟಾ ಅಥವಾ ಗಿಂಪ್ ತಂತ್ರಾಂಶ ಹಾಕಿಕೊಳ್ಳಿ. ಎರಡೂ ಉಚಿತ. ಫೋನ್‌ನಲ್ಲಾದರೆ ಐಬಿಸ್ ಪೇಂಟ್ ಆ್ಯಪ್ ಸಾಕು. ಮುಂದೆ ಪ್ರಿಂಟ್ ತೆಗೆಸುವ ಆಸೆಯಿದ್ದರೆ ಮೊದಲೇ ಎ4 ಅಳತೆ ಇಟ್ಟುಕೊಳ್ಳಿ. 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) ಅದು 2480×3508 ಪಿಕ್ಸೆಲ್ ಆಗುತ್ತದೆ. ಸಣ್ಣ ಸ್ಕ್ರೀನ್‌ಶಾಟನ್ನು ಆಮೇಲೆ ಎಳೆದು ದೊಡ್ಡದು ಮಾಡಿದರೆ ಮುಖವೆಲ್ಲ ಮಬ್ಬು.

ಗೌನು ತೆಗೆಯುವುದು

ರಪುಂಜೆಲ್‌ನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನೇರಳೆ ಗೌನು, ಉಬ್ಬಿದ ತೋಳು, ಮೈತುಂಬ ಹೊನ್ನಿನ ಬಣ್ಣದ ಕೂದಲು. ಪೂರ್ತಿ ನಿಂತಿರುವ, ಕೈ ಮೈಗೆ ತಾಗದಿರುವ ಭಂಗಿ ಆರಿಸಿ. ಮುಖ, ಕೂದಲು, ಕೈಗಳನ್ನು ಕತ್ತರಿಸಿ, ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಬೇರೆ ಬೇರೆ ಲೇಯರ್‌ಗೆ ಹಾಕಿ. ಕೂದಲಿನ ಲೇಯರ್ ಎಲ್ಲಕ್ಕಿಂತ ಮೇಲಿರಲಿ. ಸೀರೆ ಅದರ ಕೆಳಗೆ ಬರಬೇಕು, ಅಲ್ವಾ?

ಈಗ ಗೌನಿನ ಮೇಲೆ ಹೊಸ ಲೇಯರ್ ತೆರೆದು ಭುಜ, ಮೊಣಕೈ, ಸೊಂಟ, ಮೊಣಕಾಲು ಎಲ್ಲಿವೆ ಅಂತ ಗೆರೆಗಳಲ್ಲಿ ಗುರುತು ಮಾಡಿ. ಆಮೇಲೆ ಗೌನು ಅಳಿಸಿ. ಗೌನಿನ ಉಬ್ಬಿದ ತೋಳಿನ ಆಕಾರ ಹಾಗೇ ಬಿಟ್ಟು ಅದರ ಮೇಲೆ ಕುಪ್ಪಸದ ಬಣ್ಣ ಬಳಿಯುವವರೇ ಜಾಸ್ತಿ. ಆಗ ಆಕೆ ಸೀರೆ ಉಟ್ಟಂತೆ ಕಾಣುವುದೇ ಇಲ್ಲ, ಗೌನಿನ ಬಣ್ಣ ಬದಲಾಯಿಸಿದಂತೆ ಕಾಣುತ್ತದೆ.

ಸೆರಗೇ ಮುಖ್ಯ

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಓಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಟೋಪ್ ತೆನಿ ಸೆರಗು ಅನ್ನುವುದು ಇದನ್ನೇ. ಒಡಲು ಯಾವ ಬಣ್ಣದ್ದಾದರೂ ಇರಲಿ, ಈ ಸೆರಗು ಕೆಂಪು, ಅದರೊಳಗೆ ಬಿಳಿ ವಿನ್ಯಾಸ. ಹಾಗಾಗಿ ಒಡಲಿನ ಬಣ್ಣ ನಿಧಾನಕ್ಕೆ ಕೆಂಪಿಗೆ ತಿರುಗುವಂತೆ ಗ್ರೇಡಿಯಂಟ್ ಹಾಕಬೇಡಿ. ಒಡಲು ಮುಗಿದಲ್ಲಿ ಗೆರೆ ಎಳೆದ ಹಾಗೆ ಕೆಂಪು ಶುರುವಾಗಬೇಕು.

ಸೆರಗನ್ನು ನೇರವಾಗಿ ಮೈಮೇಲೆ ಬಿಡಿಸಬೇಡಿ. ಪಕ್ಕದಲ್ಲಿ ಒಂದು ಉದ್ದ ಪಟ್ಟಿ ಮಾಡಿ, ನೆಲಕ್ಕೆ ಹಾಸಿಟ್ಟ ಸೀರೆಯಂತೆ. ಎರಡೂ ಬದಿ ಅಗಲ ದಡಿ, ನಡುವೆ ಕೆಂಪು, ಅದರ ಮೇಲೆ ಜೋಳದ ತೆನೆಯಂಥ ಬಿಳಿ ಆಕಾರಗಳು. ಮುಗಿದ ಮೇಲೆ ಕ್ರಿಟಾದಲ್ಲಿ ಕಂಟ್ರೋಲ್ ಮತ್ತು ಟಿ ಒತ್ತಿ ಮೆಶ್ (ಚಿತ್ರವನ್ನು ಎಳೆದು ಬಾಗಿಸುವ ಬಲೆ) ಆರಿಸಿ, ಭುಜದ ಮೇಲಿಂದ ಬಾಗಿಸಿ ಇಳಿಸಿ. ದಡಿ ಬಟ್ಟೆಯ ಮಡಿಕೆಯ ಜೊತೆಗೇ ತಿರುಗಬೇಕು. ನಿರಿಗೆಯಲ್ಲಂತೂ ಪ್ರತಿ ಮಡಿಕೆಗೂ ದಡಿ ಮುರಿದು ಮತ್ತೆ ಶುರುವಾಗುತ್ತದೆ. ಸಂದೇಹ ಬಂದರೆ ಮನೆಯಲ್ಲಿರುವ ಯಾವುದಾದರೂ ಸೀರೆಯ ನಿರಿಗೆ ಹಿಡಿದು ನೋಡಿ.

ಕೂದಲು ಹೊಂಬಣ್ಣದ್ದಾದ್ದರಿಂದ ಒಡಲಿಗೆ ಕಡುಹಸಿರು ಒಪ್ಪುತ್ತದೆ. ಹಳದಿ ಬೇಡ, ಕೂದಲು ಅದರಲ್ಲಿ ಕಳೆದುಹೋಗುತ್ತದೆ. ಕುಪ್ಪಸಕ್ಕೆ ಗುಳೇದಗುಡ್ಡ ಖಣ ಬಿಟ್ಟು ಬೇರೆ ಯೋಚನೆಯೇ ಬೇಡ. ಸಣ್ಣ ಸಣ್ಣ ಬುಟ್ಟಾ, ತೋಳಿನ ತುದಿಗೆ ದಡಿ, ಅಷ್ಟೇ.

ಕಸೂತಿಗೆ ಪಿಕ್ಸೆಲ್

ಈ ಕೆಲಸದಲ್ಲಿ ನನಗೆ ಬಹಳ ಖುಷಿ ಕೊಡುವ ಭಾಗ ಇದು. ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಮೊದಲೇ ಚಿತ್ರ ಬರೆದುಕೊಂಡು ಅದರ ಮೇಲೆ ಹೊಲಿಯುವುದಿಲ್ಲ. ಪಿಕ್ಸೆಲ್ ಚಿತ್ರವೂ ಎಣಿಕೆಯದ್ದೇ. 48×48 ಪಿಕ್ಸೆಲ್‌ನ ಪುಟ್ಟ ಕ್ಯಾನ್ವಾಸ್ ತೆರೆಯಿರಿ. ಒಂದೇ ಪಿಕ್ಸೆಲ್ ದಪ್ಪದ ಬ್ರಷ್ ಹಿಡಿಯಿರಿ. ಗಿಂಪ್‌ನಲ್ಲಾದರೆ ಪೆನ್ಸಿಲ್ ಟೂಲ್. ಗವಂತಿ ಹೊಲಿಗೆಗೆ ನೇರ ಗೆರೆ, ಮುರಗಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗೆರೆ. ಇವೆರಡರಲ್ಲೇ ಗೋಪುರ, ತೇರು, ತುಳಸಿ ಕಟ್ಟೆ ಎಲ್ಲ ಬರುತ್ತವೆ. ದೊಡ್ಡದು ಮಾಡುವಾಗ ಕ್ರಿಟಾದಲ್ಲಿ ‘ನಿಯರೆಸ್ಟ್ ನೇಬರ್’, ಗಿಂಪ್‌ನಲ್ಲಿ ‘ನನ್’ (None) ಆರಿಸಿ. ಇಲ್ಲದಿದ್ದರೆ ಅಂಚು ಕರಗಿ ಹೊಲಿಗೆಯ ಗುಣವೇ ಹೋಗುತ್ತದೆ. ಸೆರಗಿನ ಹತ್ತಿರ ದೊಡ್ಡ ಚಿತ್ರಗಳನ್ನು ಒತ್ತಾಗಿ ಇಡಿ. ದೂರ ಹೋದಂತೆ ಸಣ್ಣದು, ವಿರಳ.

ನೆರಳಿಗೆ ಮುಂಚೆ ಮೂಲ ಚಿತ್ರದ ಗದ್ದದ ಕೆಳಗೆ ನೋಡಿ. ನೆರಳು ಯಾವ ಬದಿಗೆ ಬಿದ್ದಿದೆಯೋ ಸೀರೆಯಲ್ಲೂ ಅದೇ ಬದಿಗೆ ಬೀಳಬೇಕು. ಸೀರೆಗೆ ಕ್ಲಿಪ್ ಮಾಡಿದ ಲೇಯರ್ (ಸೀರೆಯ ಆಕಾರದಾಚೆ ಬಣ್ಣ ಹೋಗದಂಥದ್ದು) ತೆರೆದು, ಕೆಳಗಿನ ಬಣ್ಣವನ್ನು ಗಾಢ ಮಾಡುವ ‘ಮಲ್ಟಿಪ್ಲೈ’ ಇಡಿ. ಕಪ್ಪು ಬೇಡ, ನೀಲಿ ಮಿಶ್ರಿತ ಬೂದು ಬಣ್ಣ ತೆಗೆದುಕೊಳ್ಳಿ. ನಿರಿಗೆಯ ಸಂದು, ಸೆರಗಿನ ಕೆಳಗೆ, ಕೂದಲು ಬಟ್ಟೆಗೆ ತಾಗುವ ಕಡೆ ಹಾಕಿ. ಈ ಕೊನೆಯದನ್ನು ಮರೆತರೆ ಕೂದಲು ಗಾಳಿಯಲ್ಲಿ ತೇಲುತ್ತದೆ.

ಬೋರಮಾಳ, ಹಸಿರು ಬಳೆ, ಹಣೆಗೆ ಕುಂಕುಮ, ಕೂದಲಿಗೆ ಮಲ್ಲಿಗೆ ದಂಡೆ. ಮೂಗಿಗೆ ನತ್ತು ಇಟ್ಟರೂ ಚೆನ್ನ. ಕಣ್ಣು ಮೂಗು ಮಾತ್ರ ತಿದ್ದಬೇಡಿ, ಆಕೆಯ ಗುರುತು ಇರುವುದೇ ಅಲ್ಲಿ.

ಹಿನ್ನೆಲೆಗೆ ಬಾದಾಮಿ ಕೈಗೆಟಕುವಂತಿದೆ. ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿ, ಹಿಂದೆ ಕೆಂಪು ಬಂಡೆ. ಸಂಜೆ ಬಿಸಿಲಿನಲ್ಲಿ ನೀವೇ ಫೋಟೊ ತೆಗೆದು, ಬಣ್ಣಗಳನ್ನು ಕಡಿಮೆ ಮಾಡಿ, ಕಾರ್ಟೂನಿಗೆ ಹೊಂದುವಷ್ಟು ಸರಳ ಮಾಡಿ. ಬೆಳಿಗ್ಗೆಯ ಬೆಳಕಿನ ಆಕೃತಿ, ಸಂಜೆಯ ಹಿನ್ನೆಲೆ ಆದರೆ ಕೂಡಲೇ ಗೊತ್ತಾಗುತ್ತದೆ.

ಮಾರುವ ಮುಂಚೆ

ಲೇಯರ್‌ಗಳಿರುವ ಮೂಲ ಫೈಲ್ ಇಟ್ಟುಕೊಳ್ಳಿ, ಹಂಚಲು ಪಿಎನ್‌ಜಿ ಮಾಡಿ. ಕಲಿಯಲು, ಮನೆಯವರಿಗೆ ತೋರಿಸಲು ಮಾಡುವುದು ಒಂದು. ಟೀ ಶರ್ಟ್, ಮಗ್ ಮೇಲೆ ಹಾಕಿ ಮಾರುವುದು ಬೇರೆಯೇ ವಿಷಯ. ಆ ರೂಪ, ಆ ಮುಖ ಡಿಸ್ನಿಯ 2010ರ ಸಿನಿಮಾದ್ದು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾದ ಹಕ್ಕು 60 ವರ್ಷ ಇರುತ್ತದೆ. ಆದರೆ ರಪುಂಜೆಲ್ ಕಥೆ ಯಾರೊಬ್ಬರ ಸ್ವತ್ತೂ ಅಲ್ಲ. ಗ್ರಿಮ್ ಸಹೋದರರು 1812ರಲ್ಲೇ ಅದನ್ನು ಅಚ್ಚು ಹಾಕಿಸಿದ್ದರು. ಮಾರುವ ಯೋಚನೆ ಇದ್ದರೆ ಉದ್ದ ಕೂದಲಿನ ಹುಡುಗಿಯನ್ನು ನಿಮ್ಮದೇ ಮುಖ, ನಿಮ್ಮದೇ ಗೆರೆಯಲ್ಲಿ ಹೊಸದಾಗಿ ಬಿಡಿಸಿ. ಇಷ್ಟು ಕಷ್ಟಪಟ್ಟು ಮಾಡಿದ ಸೀರೆ, ಖಣ, ಕಸೂತಿಯ ಲೇಯರ್‌ಗಳನ್ನು ಎತ್ತಿ ಆಕೆಗೇ ಉಡಿಸಬಹುದು. ಮೆಶ್ ಮಾತ್ರ ಇನ್ನೊಮ್ಮೆ ಹೊಂದಿಸಬೇಕಾಗುತ್ತದೆ.