ಯುಟೆಕ್ಟಿಕ್ ನಕ್ಷೆ: ಮೇಲಿನಿಂದ ಕೆಳಗೆ ಇಳಿಯುತ್ತಾ ಓದಿ

ಮಾಚೇನಹಳ್ಳಿಯ ಒಂದು ಫೌಂಡ್ರಿ ಲ್ಯಾಬಿನಲ್ಲಿ ನನ್ನ ಕೆಲಸ. ಭದ್ರಾವತಿ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಡಿಪ್ಲೊಮಾ ಮುಗಿಸಿದ ಮಕ್ಕಳು ಟ್ರೇನಿಗಳಾಗಿ ಬರುತ್ತಾರೆ. ಫೇಸ್ ಡಯಾಗ್ರಾಂ (ಯಾವ ಮಿಶ್ರಲೋಹ ಎಷ್ಟು ಉಷ್ಣತೆಗೆ ದ್ರವ, ಎಷ್ಟಕ್ಕೆ ಗಟ್ಟಿ ಅಂತ ತೋರಿಸುವ ನಕ್ಷೆ) ಬರೆಯಿರಿ ಅಂದರೆ ನೀಟಾಗಿ ಬರೆಯುತ್ತಾರೆ. ಎಲ್ಲ ಹೆಸರೂ ಸರಿ ಇರುತ್ತದೆ. "ಶೇಕಡಾ 40 ತವರ ಇರುವ ಲೋಹ 200 ಡಿಗ್ರಿಯಲ್ಲಿ ಹೇಗಿರುತ್ತದೆ?" ಅಂತ ಕೇಳಿದಾಗ ಪೆನ್ನು ನಿಲ್ಲುತ್ತದೆ.

ಇದು ಅವರ ತಪ್ಪಲ್ಲ. ನಕ್ಷೆಯನ್ನು ಬಾಯಿಪಾಠ ಮಾಡಿಸಿರುತ್ತಾರೆ, ಅದರ ಮೇಲೆ ಬೆರಳಿಟ್ಟು ಇಳಿಸಿರುವುದಿಲ್ಲ. ಕರಗಿದ ಲೋಹ ತಣ್ಣಗಾಗುತ್ತಾ ಏನಾಗುತ್ತದೆ ಅನ್ನುವುದೇ ಈ ನಕ್ಷೆಯ ವಿಷಯ. ಹಾಗಾಗಿ ಇದನ್ನು ಮೇಲಿನಿಂದ ಕೆಳಗೆ ಓದಬೇಕು. ನಾನು ಅವರಿಗೆ ಹೇಳಿಕೊಡುವ ಕ್ರಮದಲ್ಲೇ ಬರೆಯುತ್ತೇನೆ. ಗ್ರಾಫ್ ಹಾಳೆ, ಪೆನ್ಸಿಲ್, ಸ್ಕೇಲು ತೆಗೆದುಕೊಳ್ಳಿ.

ಮೊದಲು ನೀವೇ ಬರೆಯಿರಿ

ಶಿವಮೊಗ್ಗದ ಫೌಂಡ್ರಿಗಳ ಅನ್ನ ಕಬ್ಬಿಣ–ಕಾರ್ಬನ್ ನಕ್ಷೆಯಲ್ಲಿದೆ, ನಿಜ. ಆದರೂ ಅದರಿಂದ ಶುರು ಮಾಡಬೇಡಿ. ಒಂದೇ ಹಾಳೆಯಲ್ಲಿ ಪೆರಿಟೆಕ್ಟಿಕ್, ಯುಟೆಕ್ಟಿಕ್, ಯುಟೆಕ್ಟಾಯ್ಡ್ ಅನ್ನುವ ಮೂರು ಬಗೆಯ ಬದಲಾವಣೆಗಳೂ ತುಂಬಿಕೊಂಡಿವೆ. ಸೀಸ–ತವರದ ನಕ್ಷೆಯಲ್ಲಿ ಯುಟೆಕ್ಟಿಕ್ ಒಂದೇ, ಅಂದರೆ ಒಂದು ದ್ರವ ಒಟ್ಟಿಗೇ ಎರಡು ಬಗೆಯ ಹರಳಾಗಿ ಗಟ್ಟಿಯಾಗುವುದು. ರೇಡಿಯೊ, ಟಿವಿ ರಿಪೇರಿ ಮಾಡುವವರ ಬೆಸುಗೆ ತಂತಿ ಇದೇ ಲೋಹ. ಕೈಯಲ್ಲಿ ಹಿಡಿದು ನೋಡಬಹುದು.

ಅಡ್ಡಕ್ಕೆ ತವರದ ಶೇಕಡಾ, ತೂಕದ ಲೆಕ್ಕದಲ್ಲಿ. ಎಡತುದಿ ಪೂರ್ತಿ ಸೀಸ, ಬಲತುದಿ ಪೂರ್ತಿ ತವರ. ಉದ್ದಕ್ಕೆ ಉಷ್ಣತೆ, ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎಡಗಡೆ 327ಕ್ಕೆ ಒಂದು ಚುಕ್ಕಿ ಇಡಿ, ಅದು ಸೀಸ ಕರಗುವ ಜಾಗ. ಬಲಗಡೆ 232ಕ್ಕೆ ಇನ್ನೊಂದು, ಅದು ತವರದ್ದು. ಮೂರನೆಯದು ಶೇಕಡಾ 61.9 ತವರದ ನೇರಕ್ಕೆ, 183 ಡಿಗ್ರಿಯಲ್ಲಿ. ಎರಡೂ ಬದಿಯ ಚುಕ್ಕಿಗಳಿಂದ ಈ ಮೂರನೆಯದಕ್ಕೆ ಇಳಿಗೆರೆ ಎಳೆಯಿರಿ. ಇವೇ ಲಿಕ್ವಿಡಸ್ ಗೆರೆಗಳು. ಇವುಗಳ ಮೇಲೆ ಎಲ್ಲವೂ ದ್ರವ.

ಈಗ 183ರಲ್ಲಿ ಒಂದು ಅಡ್ಡಗೆರೆ, 18.3ರಿಂದ 97.8ರವರೆಗೆ. 327ರ ಚುಕ್ಕಿಯಿಂದ ಅದರ ಎಡತುದಿಗೆ, 232ರ ಚುಕ್ಕಿಯಿಂದ ಬಲತುದಿಗೆ ಒಂದೊಂದು ಗೆರೆ. ಅಡ್ಡಗೆರೆಯೂ ಇವೆರಡೂ ಸೇರಿ ಸಾಲಿಡಸ್. ಅದರ ಕೆಳಗೆ ದ್ರವದ ಹನಿಯೂ ಇರುವುದಿಲ್ಲ. ಕೊನೆಗೆ ಅಡ್ಡಗೆರೆಯ ಎರಡೂ ತುದಿಗಳಿಂದ ಕೆಳಕ್ಕೆ, ಹೊರಗಡೆ ಬಾಗುವ ಎರಡು ಗೆರೆ. ಅವು ಸಾಲ್ವಸ್. ಎಡ ಅಂಚಿನ ಪಟ್ಟಿ ಆಲ್ಫಾ, ಅಂದರೆ ತವರವನ್ನು ಸ್ವಲ್ಪ ಒಳಗೆ ಸೇರಿಸಿಕೊಂಡ ಸೀಸ. ಬಲ ಅಂಚಿನ ಸಣ್ಣ ಪಟ್ಟಿ ಬೀಟಾ, ಸೀಸವನ್ನು ತುಸುವೇ ಸೇರಿಸಿಕೊಂಡ ತವರ.

ಎರಡೂ ಲೋಹಕ್ಕಿಂತ ಮಿಶ್ರಣ ಕಮ್ಮಿ ಬಿಸಿಗೇ ಕರಗುವುದು ಯಾಕೆ? ದ್ರವವಾಗಿರುವಾಗ ಸೀಸ, ತವರ ಎಷ್ಟು ಬೇಕಾದರೂ ಬೆರೆಯುತ್ತವೆ. ಹರಳಾಗುವಾಗ ಹಾಗಿಲ್ಲ. ಸೀಸದ ಹರಳಿನಲ್ಲಿ ತವರಕ್ಕೆ ಜಾಗ ಕಮ್ಮಿ, ತವರದ ಹರಳಿನಲ್ಲಿ ಸೀಸಕ್ಕೆ ಇನ್ನೂ ಕಮ್ಮಿ. ಬೆರೆತು ಹಾಯಾಗಿರುವ ದ್ರವವನ್ನು ಹರಳಾಗಿಸಬೇಕಾದರೆ ಜಾಸ್ತಿ ತಣ್ಣಗೆ ಮಾಡಬೇಕು. ಎಡದಿಂದ ಹೋದರೂ ಬಲದಿಂದ ಹೋದರೂ ಗೆರೆ ಇಳಿಯುತ್ತದೆ. ಅವು ಸೇರುವ ಜಾಗವೇ ಯುಟೆಕ್ಟಿಕ್ ಬಿಂದು. ಫ್ರೆಡೆರಿಕ್ ಗುತ್ರಿ 1884ರಲ್ಲಿ ಇದಕ್ಕೆ ಈ ಹೆಸರಿಟ್ಟರು. ಇದು ಹೊಸ ಸಂಯುಕ್ತವಲ್ಲ ಅನ್ನುವುದನ್ನು ಗಟ್ಟಿಯಾಗಿ ನೆನಪಿಡಿ. ಮೈಕ್ರೋಸ್ಕೋಪಿನಲ್ಲಿ ಆಲ್ಫಾ, ಬೀಟಾ ಎರಡೂ ತೆಳ್ಳನೆ ಪದರಗಳಾಗಿ ಬೇರೆ ಬೇರೆ ಕಾಣುತ್ತವೆ.

ಎಲ್ಲಿ ನಿಂತರೂ ಮೂರು ಪ್ರಶ್ನೆ

ಈಗ ಶೇಕಡಾ 40ರ ಹತ್ತಿರ ಮೇಲಿನಿಂದ ಕೆಳಗೆ ನೇರ ಗೆರೆ ಎಳೆಯಿರಿ. ನಿಮ್ಮ ಹತ್ತಿರ ಒಂದು ಕಿಲೋ ಲೋಹ ಇದೆ ಅಂದುಕೊಳ್ಳಿ. ಅದರಲ್ಲಿ 400 ಗ್ರಾಂ ತವರ, 600 ಗ್ರಾಂ ಸೀಸ. ಬೆರಳನ್ನು ಇಳಿಸುತ್ತಾ ಬನ್ನಿ. ನಿಂತಲ್ಲೆಲ್ಲ ಕೇಳಿಕೊಳ್ಳಿ: ಇಲ್ಲಿ ಯಾವ್ಯಾವ ಫೇಸ್ (ದ್ರವ, ಆಲ್ಫಾ, ಬೀಟಾ ಒಂದೊಂದೂ ಒಂದು ಫೇಸ್) ಇದೆ? ಒಂದೊಂದರ ಒಳಗೆ ತವರ ಎಷ್ಟು? ಒಂದೊಂದು ಎಷ್ಟು ತೂಕ?

300 ಡಿಗ್ರಿಯಲ್ಲಿ ಉತ್ತರ ಸುಲಭ. ಒಂದೇ ಫೇಸ್, ದ್ರವ. ಅದರಲ್ಲಿ ತವರ ಶೇಕಡಾ 40. ತೂಕ ಒಂದು ಕಿಲೋ.

238ರ ಆಸುಪಾಸು ಲಿಕ್ವಿಡಸ್ ಸಿಗುತ್ತದೆ. ಮೊದಲ ಆಲ್ಫಾ ಹರಳು ಹುಟ್ಟುವುದು ಇಲ್ಲಿ. ಅದು ಜಾಸ್ತಿ ಸೀಸವನ್ನು ಹಿಡಿದುಕೊಳ್ಳುತ್ತದೆ. ಹಾಗಾದರೆ ಉಳಿದ ದ್ರವ ಏನಾಗಬೇಕು? ತವರ ಜಾಸ್ತಿಯಾಗಬೇಕು, ಅಲ್ವಾ? ಅದಕ್ಕೇ ಇಳಿದಂತೆಲ್ಲ ದ್ರವ ಲಿಕ್ವಿಡಸ್ ಗೆರೆಯ ಮೇಲೆ ಬಲಕ್ಕೆ ಜಾರುತ್ತದೆ. ಈ ಒಂದು ಮಾತು ತಲೆಗೆ ಹೋದರೆ ಅರ್ಧ ಕೆಲಸ ಆಯಿತು. ಮಿಶ್ರಲೋಹದ ಒಟ್ಟು ಲೆಕ್ಕ 40ರಲ್ಲೇ ಇರುತ್ತದೆ. ಅದರೊಳಗಿನ ದ್ರವದ ಲೆಕ್ಕ ಮಾತ್ರ ಸಾಗುತ್ತಾ ಇರುತ್ತದೆ.

184 ಡಿಗ್ರಿಯಲ್ಲಿ, ಅಂದರೆ ಅಡ್ಡಗೆರೆಗೆ ಕೂದಲೆಳೆ ಮೇಲೆ, ನಿಲ್ಲಿ. ಸ್ಕೇಲನ್ನು ಅಡ್ಡ ಇಡಿ. ಎಡಕ್ಕೆ 18.3ರಲ್ಲಿ ತಗಲುತ್ತದೆ, ಅದು ಆಲ್ಫಾ. ಬಲಕ್ಕೆ 61.9ರಲ್ಲಿ, ಅದು ದ್ರವ. ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತು. ಈ ಅಡ್ಡ ಗೆರೆಯ ಹೆಸರು ಟೈ ಲೈನ್.

ಮೂರನೆಯದಕ್ಕೆ ಲಿವರ್ ರೂಲ್. ಹಳೆಯ ತೂಗುಕೋಲನ್ನು ನೆನಪಿಸಿಕೊಳ್ಳಿ. ಹಗ್ಗಕ್ಕೆ ಹತ್ತಿರ ಭಾರವಾದದ್ದು, ದೂರ ಹಗುರವಾದದ್ದು. ಇಲ್ಲಿ ಹಗ್ಗ ಕಟ್ಟಿರುವುದು 40ರಲ್ಲಿ. ಆಲ್ಫಾದ ಪಾಲು ಬೇಕಾದರೆ ಎದುರು ಬದಿಯ ತೋಳನ್ನು ಅಳೆಯಬೇಕು. 61.9ರಿಂದ 40 ಕಳೆದರೆ 21.9. ಪೂರ್ತಿ ಉದ್ದ 61.9ರಿಂದ 18.3 ಕಳೆದರೆ 43.6. ಭಾಗಿಸಿ: 0.502. ಅಂದರೆ 502 ಗ್ರಾಂ ಆಲ್ಫಾ, 498 ಗ್ರಾಂ ದ್ರವ.

ಇಷ್ಟಕ್ಕೇ ಬಿಡಬೇಡಿ, ತಾಳೆ ನೋಡಿ. 502 ಗ್ರಾಂ ಆಲ್ಫಾದಲ್ಲಿ ಶೇಕಡಾ 18.3 ತವರ, ಅಂದರೆ 92 ಗ್ರಾಂ. 498 ಗ್ರಾಂ ದ್ರವದಲ್ಲಿ ಶೇಕಡಾ 61.9, ಅಂದರೆ 308 ಗ್ರಾಂ. ಕೂಡಿಸಿದರೆ 400. ನಾವು ಹಾಕಿದ್ದೂ ಅಷ್ಟೇ. ತೋಳು ಅದಲುಬದಲಾದರೆ ಈ ಕೂಡುವಿಕೆ ತಕ್ಷಣ ಹೇಳಿಬಿಡುತ್ತದೆ. ಪರೀಕ್ಷೆಯಲ್ಲಿ ಎರಡು ನಿಮಿಷ ಇದಕ್ಕೆ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಈಗ 183. ಉಳಿದ ದ್ರವ ಸರಿಯಾಗಿ 61.9ಕ್ಕೆ ಬಂದು ನಿಂತಿದೆ. ಅದು ಆಲ್ಫಾ, ಬೀಟಾ ಎರಡನ್ನೂ ಒಟ್ಟಿಗೆ ಬಿಡುತ್ತಾ ಗಟ್ಟಿಯಾಗುತ್ತದೆ. ಕೊನೆಯ ಹನಿ ಗಟ್ಟಿಯಾಗುವವರೆಗೆ ಉಷ್ಣತೆ ಇಳಿಯುವುದಿಲ್ಲ. ಗಿಬ್ಸ್ ಫೇಸ್ ರೂಲ್ ಹೇಳುವುದೂ ಇದನ್ನೇ. ಒತ್ತಡ ಬದಲಾಗದಿದ್ದಾಗ ಲೋಹಗಳ ಸಂಖ್ಯೆಯಿಂದ ಫೇಸ್‌ಗಳ ಸಂಖ್ಯೆ ಕಳೆದು ಒಂದು ಕೂಡಿಸಬೇಕು. ಎರಡರಲ್ಲಿ ಮೂರು ಹೋಗಿ ಒಂದು ಸೇರಿದರೆ ಸೊನ್ನೆ. ಬದಲಾಗುವುದಕ್ಕೆ ಯಾವುದಕ್ಕೂ ಅವಕಾಶ ಇಲ್ಲ. ಉಷ್ಣತೆಯೂ ಕದಲುವ ಹಾಗಿಲ್ಲ.

183ರ ಕೆಳಗೆ ಬಂದ ಮೇಲೆ ಜಾಸ್ತಿ ಮಕ್ಕಳು ಎಡವುವ ಒಂದು ಜಾಗ ಇದೆ. ಸ್ಕೇಲು ಈಗ 18.3ಕ್ಕೂ 97.8ಕ್ಕೂ ತಗಲುತ್ತದೆ. ಒಟ್ಟು ಆಲ್ಫಾ 57.8 ಭಾಗಿಸು 79.5, ಅಂದರೆ ಶೇಕಡಾ 72.7. "ಮೇಡಂ, ಆಗಲೇ 50.2 ಬಂದಿತ್ತಲ್ಲ?" ಅಂತ ಕೇಳುತ್ತಾರೆ. ಎರಡೂ ಸರಿ. 50.2 ಮೊದಲೇ ದಪ್ಪಗೆ ಬೆಳೆದ ಆಲ್ಫಾ. ಉಳಿದ 22.5 ಯುಟೆಕ್ಟಿಕ್ ಪದರಗಳ ಒಳಗಿನ ಆಲ್ಫಾ. ಫೇಸ್ ಒಂದೇ, ಹುಟ್ಟಿದ ಹೊತ್ತು ಬೇರೆ. ಪ್ರಶ್ನೆಯಲ್ಲಿ "ಪ್ರೈಮರಿ" ಅಂತ ಇದ್ದರೆ ಅಡ್ಡಗೆರೆಗೆ ಕೂದಲೆಳೆ ಮೇಲೆ ನಿಂತು ಲೆಕ್ಕ ಮಾಡಿ. "ಒಟ್ಟು" ಅಂತ ಇದ್ದರೆ ಕೆಳಗೆ ನಿಂತು ಮಾಡಿ.

ಕಣ್ಣಿಂದ ನೋಡಬೇಕು ಅಂದರೆ

80 ಗ್ರಾಂ ತವರ, 120 ಗ್ರಾಂ ಸೀಸ ತೂಗಿ ಉಕ್ಕಿನ ಸೌಟಿನಲ್ಲಿ ಕರಗಿಸಿ. ಸೀಸ ಶುದ್ಧ ಇರಲಿ. ಹಳೆ ಬ್ಯಾಟರಿಯದ್ದು ಬೇಡವೇ ಬೇಡ, ಅದರಲ್ಲಿ ಆಂಟಿಮನಿಯಂಥ ಬೇರೆ ವಸ್ತು ಇರುತ್ತದೆ, ವಿಷವೂ ಜಾಸ್ತಿ. ಉಷ್ಣತೆ ಅಳೆಯುವ, ಕವಚ ಇರುವ ಕೆ ಟೈಪ್ ಥರ್ಮೋಕಪಲ್ ಅದ್ದಿ, 300 ಡಿಗ್ರಿಯಿಂದ ತಣ್ಣಗಾಗಲು ಬಿಡಿ. ಪ್ರತಿ 10 ಸೆಕೆಂಡಿಗೆ ಉಷ್ಣತೆ ಬರೆದುಕೊಳ್ಳಿ. ಗ್ರಾಫಿನಲ್ಲಿ 238ರ ಹತ್ತಿರ ಗೆರೆ ಸ್ವಲ್ಪ ಓರೆಯಾಗುತ್ತದೆ, ಆಲ್ಫಾ ಹುಟ್ಟುವಾಗ ಬಿಡುವ ಬಿಸಿ ಅದು. 183ರಲ್ಲಿ ಗೆರೆ ಮಲಗುತ್ತದೆ. ಕೆಲವೊಮ್ಮೆ 183ಕ್ಕಿಂತ ಕೆಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಹರಳು ಹುಟ್ಟುವುದು ತಡವಾದಾಗ ಹೀಗಾಗುತ್ತದೆ, ಗಾಬರಿ ಬೇಡ.

ಇದನ್ನು ಲ್ಯಾಬಿನಲ್ಲೇ ಮಾಡಿ, ಗಾಳಿ ಆಡುವ ಕಡೆ, ಕನ್ನಡಕ ಹಾಕಿಕೊಂಡು. ಅಡುಗೆ ಪಾತ್ರೆ ಬಳಸಲೇಬೇಡಿ, ಆಮೇಲೆ ಕೈ ಚೆನ್ನಾಗಿ ತೊಳೆಯಿರಿ. ನಮ್ಮ ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಜುಲೈನಲ್ಲಿ ಇಲ್ಲಿ ಕಬ್ಬಿಣದ ತುಂಡಿನ ಮೇಲೂ ನೀರಿನ ಪಸೆ ಇರುತ್ತದೆ. ಒದ್ದೆ ತುಂಡು, ಒದ್ದೆ ಚಮಚ ಕರಗಿದ ಲೋಹಕ್ಕೆ ತಾಗಿದರೆ ನೀರು ಆವಿಯಾಗಿ ಲೋಹ ಸಿಡಿಯುತ್ತದೆ. ಎಲ್ಲವನ್ನೂ ಮೊದಲೇ ಬಿಸಿ ಮಾಡಿ ಒಣಗಿಸಿ.

ಇಷ್ಟು ಅನುಕೂಲ ಇಲ್ಲದವರು ಎರಡು ಬೆಸುಗೆ ತಂತಿ ತನ್ನಿ, 63/37 ಒಂದು, 60/40 ಒಂದು (ಮೊದಲ ಸಂಖ್ಯೆ ತವರ, ಎರಡನೆಯದು ಸೀಸ). ಮೊದಲನೆಯದು ಸುಮಾರಾಗಿ ಯುಟೆಕ್ಟಿಕ್, ದ್ರವದಿಂದ ಒಮ್ಮೆಲೇ ಗಟ್ಟಿಯಾಗುತ್ತದೆ. ಎರಡನೆಯದು 190ರಿಂದ 183ರವರೆಗೆ ಅರೆದ್ರವವಾಗಿರುತ್ತದೆ. ಆಗ ವೈರ್ ಅಲುಗಾಡಿದರೆ ಜೋಡಣೆ ಕೆಡುತ್ತದೆ.

ನಕ್ಷೆ ಹೇಳದಿರುವುದು

ಈ ನಕ್ಷೆ ತೀರ ನಿಧಾನ ತಣ್ಣಗಾದ ಲೋಹದ್ದು. ಶೇಕಡಾ 15 ತವರದ ಲೋಹದಲ್ಲಿ ಯುಟೆಕ್ಟಿಕ್ ಬರಬಾರದು ಅನ್ನುತ್ತದೆ ನಕ್ಷೆ. ಬೇಗ ತಣ್ಣಗಾದ ಎರಕದಲ್ಲಿ ಹರಳಿನ ನಡುಭಾಗಕ್ಕೂ ಅಂಚಿಗೂ ಲೆಕ್ಕ ಸರಿಹೋಗಲು ಸಮಯ ಇರುವುದಿಲ್ಲ, ಕೊನೆಯ ದ್ರವ 61.9ರವರೆಗೂ ಜಾರಿಬಿಡುತ್ತದೆ. ಹರಳುಗಳ ಸಂದಿಯಲ್ಲಿ ಯುಟೆಕ್ಟಿಕ್ ಸಿಗುತ್ತದೆ. ಸಿಕ್ಕರೆ ನಕ್ಷೆ ಸುಳ್ಳು ಅನ್ನಬೇಡಿ, ತಣ್ಣಗಾದ ವೇಗ ಕೇಳಿ. ಪದರ ಎಷ್ಟು ತೆಳು, ಯಾವ ಆಕಾರ ಅನ್ನುವುದೂ ನಕ್ಷೆಯಲ್ಲಿಲ್ಲ. ಅಲ್ಯೂಮಿನಿಯಂ–ಸಿಲಿಕಾನ್‌ನಲ್ಲಿ ಯುಟೆಕ್ಟಿಕ್ 577 ಡಿಗ್ರಿಯಲ್ಲಿ, ಶೇಕಡಾ 12.6 ಸಿಲಿಕಾನ್‌ಗೆ. ಸುಮ್ನೆ ಎರೆದರೆ ಸಿಲಿಕಾನ್ ಒರಟು ಚಪ್ಪಡಿಗಳಾಗಿ ಬೆಳೆದು ಲೋಹ ಪೆಡಸಾಗುತ್ತದೆ. ಶೇಕಡಾ 0.02ರ ಆಸುಪಾಸು ಸ್ಟ್ರಾನ್ಷಿಯಂ ಹಾಕಿದರೆ ನಾರಿನ ಹಾಗೆ ಸಣ್ಣಗಾಗುತ್ತದೆ. ಸೋಡಿಯಂನಿಂದ ಹೀಗೆ ಮಾಡಬಹುದು ಅಂತ ಅಲಾಡಾರ್ ಪಾಕ್ಸ್ 1920ರ ಹೊತ್ತಿಗೆ ತೋರಿಸಿದ್ದರು.

ಈಗ ನಮ್ಮ ಕಬ್ಬಿಣ

ಶುದ್ಧ ಕಬ್ಬಿಣ 1538 ಡಿಗ್ರಿಗೆ ಕರಗುತ್ತದೆ. ಶೇಕಡಾ 4.3 ಕಾರ್ಬನ್ ಸೇರಿದರೆ 1147 ಸಾಕು. 1923ರಲ್ಲಿ ಭದ್ರಾವತಿಯ ಕುಲುಮೆಯಲ್ಲಿ ಮಲೆನಾಡಿನ ಇದ್ದಿಲಿನಿಂದ ಕಬ್ಬಿಣ ದ್ರವವಾಗಿ ಇಳಿದದ್ದೂ ಈ ಇಳಿಗೆರೆಯಿಂದಲೇ. ಅದಿರಿನಿಂದ ಬಂದ ಕಬ್ಬಿಣ ಇದ್ದಿಲಿನ ಕಾರ್ಬನ್ ಹೀರಿ ಯುಟೆಕ್ಟಿಕ್ ಕಡೆಗೆ ಸರಿಯುತ್ತದೆ.

ಎರಕದ ಕಬ್ಬಿಣದಲ್ಲಿ ಸಿಲಿಕಾನ್, ರಂಜಕವೂ ಇರುವುದರಿಂದ ಕಾರ್ಬನ್ ಈಕ್ವಿವಲೆಂಟ್ (ಸಿಇ) ಲೆಕ್ಕ ಹಾಕುತ್ತೇವೆ. ಸಿಲಿಕಾನ್, ರಂಜಕ ಕೂಡಿಸಿ ಮೂರರಿಂದ ಭಾಗಿಸಿ ಕಾರ್ಬನ್‌ಗೆ ಸೇರಿಸಬೇಕು. ಕಾರ್ಬನ್ 3.4, ಸಿಲಿಕಾನ್ 2.1, ರಂಜಕ 0.06 ಇದ್ದರೆ 4.12 ಬರುತ್ತದೆ. 4.3ಕ್ಕಿಂತ ಕಮ್ಮಿ, ಅಂದರೆ ಮೊದಲು ಆಸ್ಟೆನೈಟ್ (ಕಾರ್ಬನ್ ಸೇರಿಸಿಕೊಂಡ ಕಬ್ಬಿಣ) ಹರಳು ಹುಟ್ಟುತ್ತದೆ, ಆಮೇಲೆ ಯುಟೆಕ್ಟಿಕ್. ಕುಲುಮೆಯ ಪಕ್ಕ ಸಿಇ ಕಪ್ ಇಟ್ಟಿರುತ್ತಾರಲ್ಲ, ತಳದಲ್ಲಿ ಟೆಲ್ಯೂರಿಯಂ ಬಳಿದ ಮರಳಿನ ಬಟ್ಟಲು, ನಡುವೆ ಥರ್ಮೋಕಪಲ್. ಅದಕ್ಕೆ ಲೋಹ ಸುರಿದಾಗ ಪರದೆಯ ಮೇಲೆ ಬರುವ ಮೊದಲ ತಡೆ ಲಿಕ್ವಿಡಸ್, ಎರಡನೆಯದು ಯುಟೆಕ್ಟಿಕ್. ಸೀಸ–ತವರದ ಸೌಟಿನಲ್ಲಿ ನೋಡಿದ ಅದೇ ಎರಡು ತಿರುವು. ಈ ಎರಡು ಸಂಖ್ಯೆಯಿಂದಲೇ ಯಂತ್ರ ಕಾರ್ಬನ್, ಸಿಲಿಕಾನ್ ಲೆಕ್ಕ ಹೇಳುತ್ತದೆ. ಮುಂದಿನ ಸಲ ಸಂಖ್ಯೆ ಬರೆದುಕೊಂಡು ಹೋಗಬೇಡಿ, ನಿಂತು ಗೆರೆ ನೋಡಿ.

ಒಂದು ಲೆಕ್ಕ ನಿಮಗೆ. ಶೇಕಡಾ 80 ತವರದ ಒಂದು ಕಿಲೋ ಲೋಹ 183ಕ್ಕಿಂತ ಕೂದಲೆಳೆ ಮೇಲೆ ಇದೆ. ಈ ಸಲ ಮೊದಲು ಹುಟ್ಟುವುದು ಬೀಟಾ. ಸ್ಕೇಲು 61.9 ಮತ್ತು 97.8ಕ್ಕೆ ತಗಲುತ್ತದೆ. ಬೀಟಾ ಸುಮಾರು 504 ಗ್ರಾಂ ಬರಬೇಕು, ದ್ರವ 496. ತವರ ಕೂಡಿಸಿದಾಗ 493 ಮತ್ತು 307 ಸೇರಿ 800 ಆಗಬೇಕು.