ಕ್ಯಾಂಪರ್ ವ್ಯಾನಿನ ಚಾವಣಿ ಸೋರಿಕೆ ನಿಂತದ್ದು ಹೀಗೆ

ಚಿಕ್ಕಮಗಳೂರಿನ ಜುಲೈ ಮಳೆಗೆ ವ್ಯಾನಿನ ಹಾಸಿಗೆ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಸಂದು ಬಿಟ್ಟಿದ್ದು ಮಾತ್ರ ಎರಡಡಿ ಮುಂದೆ, ಚಾವಣಿ ಫ್ಯಾನಿನ ಚೌಕಟ್ಟಿನಡಿ. ನೀರು ಒಳಗಿನ ಪ್ಲೈವುಡ್ ಮೇಲೆ ಹರಿದು ತಗ್ಗಿನಲ್ಲಿ ಇಳಿಯುತ್ತದೆ.

ಸಂದು ಮುಚ್ಚಲು ಮೇಲೆ ಬಳಿದಿದ್ದ ಸಿಲಿಕೋನ್ ಬಿರುಕು ಬಿಟ್ಟಿತ್ತು. ಅದರ ಮೇಲೆಯೇ ಮತ್ತೆ ಬಳಿಯಬೇಡಿ, ಹಳೆ ಸಿಲಿಕೋನಿಗೆ ಯಾವುದೂ ಸರಿಯಾಗಿ ಕಚ್ಚುವುದಿಲ್ಲ. ಸ್ಕ್ರೂ ಬಿಚ್ಚಿ, ಪ್ಲಾಸ್ಟಿಕ್ ಪಟ್ಟಿಯಿಂದ ಪೂರ್ತಿ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದೆ. ಚೌಕಟ್ಟಿನಡಿ ಸುತ್ತಲೂ 3 ಮಿ.ಮೀ. ದಪ್ಪದ ಬ್ಯೂಟೈಲ್ ಟೇಪ್ (ರಬ್ಬರಿನಂಥ ಮೆತ್ತನೆಯ ಅಂಟುಪಟ್ಟಿ). ಅದರ ತುದಿಗಳು ಕೂಡುವ ಜಾಗ ಇಳಿಜಾರಿನ ಕೆಳಬದಿಗೆ ಬರಲಿ. ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿದು, ಮರುದಿನ ಇನ್ನೊಮ್ಮೆ ಬಿಗಿಯಬೇಕು. ಅಷ್ಟರಲ್ಲಿ ಟೇಪ್ ಹಿಂಡಿಕೊಂಡು ಸ್ಕ್ರೂ ಸಡಿಲಾಗಿರುತ್ತದೆ. ಅಂಚಿಗೂ ಸ್ಕ್ರೂ ತಲೆಗೂ ಪಾಲಿಯುರೆಥೇನ್ ಸೀಲಂಟ್ (ಸಂದು ಮುಚ್ಚುವ ಅಂಟು) ಬಳಿದೆ.

ನೆನೆದ ಪ್ಲೈವುಡ್ ಒಣಗಿಸದೆ ಮುಚ್ಚಿದರೆ ಒಳಗೇ ಕೊಳೆಯುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಮೆತ್ತಗಾದಷ್ಟನ್ನೂ ಕತ್ತರಿಸಿ ಬದಲಿಸಿ.